ಬಹುಭಾಷಿಕ ತರಗತಿಯಲ್ಲಿ ಸಹರಚನೆ: ಶಿರೂರು ಪರಿಸರದ ಕೆಲವು ಮಾದರಿಗಳು

ಪದವಿ ತರಗತಿಗಳ ಆವಶ್ಯಕ ಕನ್ನಡ ಪಠ್ಯಕ್ರಮವನ್ನು ರೂಪಿಸುವವರ ಕಣ್ಣೆದುರು ಸಾಮಾನ್ಯವಾಗಿ ಒಬ್ಬನೇ ವಿದ್ಯಾರ್ಥಿ ಇರುತ್ತಾನೆ. ಅವನ ಮನೆಮಾತು ಕನ್ನಡ. ಅವನು ಓದಿದ ಶಾಲೆಯ ಮಾಧ್ಯಮ ಕನ್ನಡ. ಗ್ರಂಥಸ್ಥ ಕನ್ನಡದ ವಾಕ್ಯ ಅವನಿಗೆ ತನ್ನದೇ ಮಾತಿನ ಮುಂದುವರಿಕೆಯಾಗಿ ಕೇಳಿಸುತ್ತದೆ. ಇಂಥ ವಿದ್ಯಾರ್ಥಿ ಎಲ್ಲಿಯೂ ಇಲ್ಲವೆಂದಲ್ಲ. ಆದರೆ ಬಾಗಲಕೋಟೆ ತಾಲ್ಲೂಕಿನ ಶಿರೂರನ್ನು ನಡುವಿಟ್ಟುಕೊಂಡು ಬಾದಾಮಿ, ಹುನಗುಂದ, ಇಳಕಲ್ಲುಗಳವರೆಗೆ ಒಂದು ವರ್ತುಲವನ್ನು ಎಳೆದರೆ, ಅದರೊಳಗಿನ ಕಾಲೇಜುಗಳ ತರಗತಿಗಳಲ್ಲಿ ಅವನು ಹಲವರ ನಡುವಿನ ಒಬ್ಬ ಮಾತ್ರ. ಅವನ ಪಕ್ಕದಲ್ಲಿ ಮನೆಯಲ್ಲಿ ದಖನಿ ಆಡುವವರು, ತಾಂಡಾದಿಂದ ಬಂದ ಲಂಬಾಣಿ ಮಾತಿನವರು, ಮರಾಠಿ ಮನೆಮಾತಿನವರು ಕುಳಿತಿರುತ್ತಾರೆ. ಕನ್ನಡ ಮನೆಮಾತಿನವರಾದರೂ ಆಡುವುದು ‘ಮಾಡಾಕ ಹತ್ಯಾರ’ ಎಂಬ ಕನ್ನಡವನ್ನು. ಉತ್ತರಪತ್ರಿಕೆಯಲ್ಲಿ ಬರೆಯಬೇಕಾದದ್ದು ‘ಮಾಡುತ್ತಿದ್ದಾರೆ’ ಎಂಬ ಕನ್ನಡವನ್ನು.

ಈ ಭಾಷೆಗಳು ದಾಖಲೆಗಳಲ್ಲಿ ಕಾಣಿಸಿಕೊಳ್ಳುವ ಬಗೆಯೂ ವಿಚಾರಾರ್ಹವಾಗಿದೆ. ಭಾರತದ ಜನಗಣತಿಯು ಲಂಬಾಣಿಯನ್ನು ಹಿಂದಿಯ ಗುಂಪಿನಲ್ಲಿ ಸೇರಿಸುತ್ತ ಬಂದಿದೆ. ದಖನಿಯನ್ನಾಡುವವರು ಮಾತೃಭಾಷೆಯ ಅಂಕಣದಲ್ಲಿ ಸಾಮಾನ್ಯವಾಗಿ ಬರೆಸುವುದು ಉರ್ದು ಎಂದು. ಹೀಗಾಗಿ ತರಗತಿಯ ಹಾಜರಿ ಪುಸ್ತಕದಿಂದ ಹಿಡಿದು ಜನಗಣತಿಯ ಕೋಷ್ಟಕದವರೆಗೆ ಎಲ್ಲಿಯೂ ತನ್ನ ಮಾತಿನ ಹೆಸರನ್ನು ಕಾಣದ ವಿದ್ಯಾರ್ಥಿ ಕನ್ನಡ ತರಗತಿಯಲ್ಲಿ ಮೌನವಾಗಿ ಕುಳಿತಿರುವುದನ್ನು ಅಧ್ಯಾಪಕರು ‘ಭಾಷಾ ದೌರ್ಬಲ್ಯ’ವೆಂದು ಗುರುತಿಸುವುದು ವಾಡಿಕೆಯಾಗಿದೆ. ಆ ಮೌನಕ್ಕೆ ಬೇರೆ ಕಾರಣಗಳಿರಬಹುದೆಂಬುದನ್ನು ಕನ್ನಡ ವಿಭಾಗಗಳು ಗಂಭೀರವಾಗಿ ಪರಿಗಣಿಸಿದಂತೆ ಕಾಣುವುದಿಲ್ಲ.

ಬಹುಭಾಷಿಕ ತರಗತಿಯನ್ನು ಒಂದು ಸೃಜನಶೀಲ ಯೋಜನೆಯ ಸುತ್ತ ಕಟ್ಟಬೇಕು, ವಿದ್ಯಾರ್ಥಿಗಳು ಕೂಡಿ ಒಂದು ಪುಸ್ತಕವನ್ನೋ ನಾಟಕವನ್ನೋ ಪದಕೋಶವನ್ನೋ ಸಿದ್ಧಪಡಿಸುವ ಮೂಲಕ ಭಾಷೆಯನ್ನು ಕಲಿಯಬೇಕು ಎಂಬ ವಿಚಾರ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಪ್ರಚಲಿತವಾಗಿದೆ. ಇದರ ಬೇರುಗಳು ಹಳೆಯವು. ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ ಯೋಜನಾ ಪದ್ಧತಿಯನ್ನು ಕುರಿತ ತನ್ನ ಪ್ರಬಂಧವನ್ನು ಪ್ರಕಟಿಸಿದ್ದು ೧೯೧೮ರಲ್ಲಿ. ಕೆನಡಾದ ಜಿಮ್ ಕಮಿನ್ಸ್ ಮತ್ತು ಅವರ ಸಹೋದ್ಯೋಗಿಗಳು ವಲಸೆ ಬಂದ ಮಕ್ಕಳಿಂದ ಮನೆಮಾತು ಮತ್ತು ಇಂಗ್ಲಿಷುಗಳೆರಡರಲ್ಲೂ ಕಥೆಗಳನ್ನು ಬರೆಸಿ, ಅವನ್ನು ‘ಅಸ್ಮಿತೆಯ ಪಠ್ಯ’ಗಳೆಂದು ಕರೆದರು. ಭಾರತದಲ್ಲಿ ಡಿ.ಪಿ. ಪಟ್ಟನಾಯಕ್ ಅವರು ಮಾತೃಭಾಷಾ ಶಿಕ್ಷಣ ಮತ್ತು ಬಹುಭಾಷಿಕತೆಯನ್ನು ಕುರಿತು ೧೯೮೧ರಷ್ಟು ಹಿಂದೆಯೇ ಬರೆದಿದ್ದರು. ರಮಾಕಾಂತ ಅಗ್ನಿಹೋತ್ರಿಯವರ ಅಧ್ಯಕ್ಷತೆಯಲ್ಲಿ ಭಾರತೀಯ ಭಾಷೆಗಳ ಬೋಧನೆಯನ್ನು ಕುರಿತು ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ೨೦೦೬ರ ಆಧಾರಪತ್ರವು ತರಗತಿಯ ಬಹುಭಾಷಿಕತೆಯನ್ನು ತೊಡಕೆಂದಲ್ಲ, ಸಂಪನ್ಮೂಲವೆಂದು ಪರಿಗಣಿಸಿತು. ಇವುಗಳಲ್ಲಿ ಬಹುಪಾಲು ಚಿಂತನೆ ಶಾಲಾಶಿಕ್ಷಣಕ್ಕೆ ಸಂಬಂಧಿಸಿದ್ದು. ವಿಶ್ವವಿದ್ಯಾಲಯದ ಕನ್ನಡ ತರಗತಿಗೆ ಇದನ್ನು ಅನ್ವಯಿಸುವಾಗ ಏಳುವ ಪ್ರಶ್ನೆಗಳು ಬೇರೆ. ಅಲ್ಲಿನ ವಿದ್ಯಾರ್ಥಿಗೆ ಪರಂಪರೆಯ ಪಠ್ಯಗಳ ಹೊಣೆಯಿದೆ, ಪರೀಕ್ಷೆಯ ಹೊಣೆಯಿದೆ.

ಪ್ರಸ್ತುತ ಲೇಖನದಲ್ಲಿ ಶಿರೂರು ಪರಿಸರದಲ್ಲಿಯೇ ದೊರೆಯುವ, ಒಂದಕ್ಕಿಂತ ಹೆಚ್ಚು ಭಾಷೆಗಳು ಕೂಡಿ ರೂಪಿಸಿದ ಕೆಲವು ರಚನೆಗಳನ್ನು ಪರಿಶೀಲಿಸಿ, ಅವುಗಳಿಂದ ಇಂದಿನ ತರಗತಿಗೆ ಏನು ದೊರೆಯುತ್ತದೆ ಎಂಬುದನ್ನು ವಿವೇಚಿಸಲಾಗಿದೆ. ಸಹರಚನೆ ಫಲಕಾರಿಯಾಗುವುದು ಪ್ರತಿಯೊಂದು ಭಾಷೆಗೂ ಒಂದೊಂದು ಪುಟವನ್ನು ಹಂಚಿಕೊಟ್ಟಾಗ ಅಲ್ಲ. ಇನ್ನೊಂದು ಭಾಷೆಯವನ ತಿಳಿವಳಿಕೆಯಿಲ್ಲದೆ ಕೆಲಸವೇ ಮುಂದೆ ಸಾಗದಂಥ ವಸ್ತುವನ್ನು ಆರಿಸಿಕೊಂಡಾಗ ಎಂಬುದು ಇಲ್ಲಿನ ವಾದ.

ಪಟ್ಟದಕಲ್ಲಿನ ಕಂಬ, ಬಾದಾಮಿಯ ಬಂಡೆ

ಪಟ್ಟದಕಲ್ಲಿನಲ್ಲಿ ಚಾಲುಕ್ಯ ಎರಡನೆಯ ಕೀರ್ತಿವರ್ಮನ ಕಾಲದ, ಕ್ರಿ.ಶ. ೭೫೪ರ ಶಾಸನಸ್ತಂಭವೊಂದಿದೆ. ಗಂಗೆಯ ಉತ್ತರ ತೀರದ ಕಡೆಯಿಂದ ಬಂದ ಜ್ಞಾನಶಿವಾಚಾರ್ಯನೆಂಬ ಶೈವ ಯತಿ ಅದನ್ನು ನಿಲ್ಲಿಸಿದನು. ಶಾಸನದ ಭಾಷೆ ಸಂಸ್ಕೃತ. ವಿಶೇಷವೆಂದರೆ ಅದೇ ಪಾಠವನ್ನು ಎರಡು ಲಿಪಿಗಳಲ್ಲಿ ಕೆತ್ತಲಾಗಿದೆ: ಒಂದು ಉತ್ತರ ಭಾರತದ ಸಿದ್ಧಮಾತೃಕಾ, ಇನ್ನೊಂದು ಸ್ಥಳೀಯ ಕನ್ನಡ ಲಿಪಿ. ದೂರದಿಂದ ಬಂದವರೂ ಊರಿನವರೂ ಒಂದೇ ಕಂಬದ ಮುಂದೆ ನಿಂತು, ತಂತಮ್ಮ ಲಿಪಿಯಲ್ಲಿ ಅದೇ ಸಂಗತಿಯನ್ನು ಓದಿಕೊಳ್ಳಬಹುದಾಗಿತ್ತು. ಇದೊಂದು ಉದಾರವಾದ ವ್ಯವಸ್ಥೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಲಿಪಿಯನ್ನು ಬಲ್ಲವನಿಗೆ ಇನ್ನೊಂದರ ಅಗತ್ಯವೇ ಬೀಳದು. ಎರಡೂ ಪಾಠಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ, ಮುಖಾಮುಖಿಯಾಗಿಲ್ಲ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನಗಳು ಬೇರೊಂದು ಸಂಬಂಧವನ್ನು ತೋರಿಸುತ್ತವೆ. ಶಕವರ್ಷ ೫೦೦, ಅಂದರೆ ಕ್ರಿ.ಶ. ೫೭೮ರ ಸಂಸ್ಕೃತ ಶಾಸನವು ವಿಷ್ಣುಗೃಹದ ನಿರ್ಮಾಣವನ್ನು ವಿಸ್ತಾರವಾದ ಪ್ರಶಸ್ತಿಯೊಡನೆ ನಿರೂಪಿಸುತ್ತದೆ. ಅದರ ಸಮೀಪದ ಕನ್ನಡ ಶಾಸನ ಚಿಕ್ಕದು; ಅದು ದತ್ತಿಯ ಸಂಗತಿಯನ್ನು ನೇರವಾಗಿ ಹೇಳಿ ಮುಗಿಸುತ್ತದೆ. ಹೊಗಳಿಕೆಗೆ ಸಂಸ್ಕೃತ, ಹೊಲಮನೆಯ ವ್ಯವಹಾರಕ್ಕೆ ಕನ್ನಡ ಎಂಬ ಈ ಹಂಚಿಕೆಯನ್ನು ಶೆಲ್ಡನ್ ಪೊಲಾಕ್ ಅವರು ೨೦೦೬ರ ತಮ್ಮ ಗ್ರಂಥದಲ್ಲಿ ದಕ್ಷಿಣ ಏಷ್ಯಾದ ವಿಸ್ತಾರದಲ್ಲಿಟ್ಟು ಚರ್ಚಿಸಿದ್ದಾರೆ. ಇಲ್ಲಿ ಭಾಷೆಗಳು ಕೆಲಸವನ್ನು ಹಂಚಿಕೊಂಡಿವೆ, ನಿಜ. ಆದರೆ ಮೇಲುಕೀಳಿನ ಕ್ರಮದಲ್ಲಿ ಹಂಚಿಕೊಂಡಿವೆ. ಇಂದಿನ ಕಾಲೇಜುಗಳಲ್ಲಿ ‘ವಿಷಯ’ಕ್ಕೆ ಇಂಗ್ಲಿಷ್, ‘ಭಾವನೆ’ಗೆ ಕನ್ನಡ, ಅಂಗಳದ ಹರಟೆಗೆ ದಖನಿ ಅಥವಾ ಲಂಬಾಣಿ ಎಂದು ಏರ್ಪಟ್ಟಿರುವ ಕ್ರಮ ಇದಕ್ಕಿಂತ ಬಹಳ ಭಿನ್ನವಾಗಿಲ್ಲ.

ಇದೇ ಬಾದಾಮಿಯಲ್ಲಿ, ಸುಮಾರು ಕ್ರಿ.ಶ. ೭೦೦ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ಅಧ್ಯಾಪಕರಿಗೆ ಇದರ ಪರಿಚಯವನ್ನು ಮಾಡಿಕೊಡಬೇಕಾದ ಅಗತ್ಯವಿಲ್ಲ. ತ್ರಿಪದಿಯ ಅತ್ಯಂತ ಹಳೆಯ ಉದಾಹರಣೆಯಾಗಿ ಅದನ್ನು ತರಗತಿಗಳಲ್ಲಿ ತಲೆಮಾರುಗಳಿಂದ ಪಾಠ ಹೇಳಲಾಗುತ್ತಿದೆ. ಹಾಗೆ ಹೇಳುವಾಗ ನಡುವಿನ ಸಂಸ್ಕೃತ ಶ್ಲೋಕವನ್ನು ಹಾರಿಸಿ ಮುಂದಕ್ಕೆ ಹೋಗುವುದೂ ರೂಢಿ. ಛಂದಸ್ಸಿನ ಪಾಠಕ್ಕೆ ಅದು ಬೇಕಾಗಿಲ್ಲ ಎಂಬುದು ಇದಕ್ಕೆ ಕಾರಣವಿರಬೇಕು. ಆದರೆ ಹತ್ತು ಸಾಲಿನ ಆ ಬರಹವನ್ನು ಒಂದೇ ಕೃತಿಯೆಂದು ಓದಿದರೆ ಬೇರೆಯೇ ಸಂಗತಿ ಗೋಚರಿಸುತ್ತದೆ. ಮಾನಭಂಗಕ್ಕಿಂತ ಮರಣ ಲೇಸೆಂಬ ಸಾಮಾನ್ಯ ನೀತಿಯನ್ನು ಸಂಸ್ಕೃತ ಶ್ಲೋಕ ಹೇಳುತ್ತದೆ. ಆ ನೀತಿ ಯಾರಿಗೂ ಸಲ್ಲಬಹುದಾದದ್ದು. ಅದು ಒಬ್ಬ ವ್ಯಕ್ತಿಯ ಸ್ವಭಾವವಾಗುವುದು, ಒಳ್ಳೆಯವರೊಡನೆ ಅವನು ಹೇಗೆ, ಕೆಡುಕರೊಡನೆ ಹೇಗೆ ಎಂಬ ಕಾವು ಪಡೆಯುವುದು ಕನ್ನಡದ ತ್ರಿಪದಿಗಳಲ್ಲಿ. ಇಲ್ಲಿ ಕಾವ್ಯದ ಕೆಲಸ ಕನ್ನಡದ್ದು. ಶ್ಲೋಕವನ್ನು ತೆಗೆದರೆ ಅರಭಟ್ಟನ ಬಿರುಸಿಗೆ ನೀತಿಯ ಆಧಾರ ತಪ್ಪುತ್ತದೆ. ತ್ರಿಪದಿಗಳನ್ನು ತೆಗೆದರೆ ಉಳಿಯುವುದು ಯಾರಿಗೂ ಸೇರದ ಒಂದು ಸುಭಾಷಿತ. ಎರಡು ಭಾಷೆಗಳೂ ಒಂದನ್ನೊಂದು ಬೇಡುತ್ತವೆ.

ತರಗತಿಯ ಯೋಜನೆಗಳನ್ನು ಈ ಮೂರು ಶಾಸನಗಳ ಪಕ್ಕದಲ್ಲಿಟ್ಟು ನೋಡಿದರೆ, ಬಹುಪಾಲು ಪ್ರಯತ್ನಗಳು ಪಟ್ಟದಕಲ್ಲಿನ ಕಂಬದ ಮಾದರಿಯಲ್ಲಿಯೇ ನಿಂತುಬಿಡುತ್ತವೆ ಎನ್ನಬೇಕಾಗುತ್ತದೆ. ಒಂದೇ ಕಥೆಯನ್ನು ಎಡಪುಟದಲ್ಲಿ ಒಂದು ಭಾಷೆಯಲ್ಲಿ, ಬಲಪುಟದಲ್ಲಿ ಇನ್ನೊಂದರಲ್ಲಿ ಅಚ್ಚುಮಾಡುವ ದ್ವಿಭಾಷಾ ಪುಸ್ತಕ ಅದರ ಇಂದಿನ ರೂಪ. ಕಮಿನ್ಸ್ ಅವರ ಮಕ್ಕಳ ಪುಸ್ತಕಗಳಿಗೆ ಈ ರೂಪ ಸಹಜವಾಗಿತ್ತು. ಅಲ್ಲಿ ಮನೆಮಾತಿಗೆ ಶಾಲೆಯ ಗೋಡೆಯೊಳಗೆ ಸ್ಥಾನ ದೊರೆಯುವುದೇ ದೊಡ್ಡ ಸಂಗತಿ. ಪದವಿ ತರಗತಿಯಲ್ಲಿ ಅಷ್ಟಕ್ಕೇ ತೃಪ್ತಿಪಟ್ಟರೆ ಪ್ರತಿಯೊಬ್ಬನೂ ತನಗೆ ಮೊದಲೇ ಗೊತ್ತಿದ್ದ ಪುಟವನ್ನು ಬರೆದು ಹೊರಟುಹೋಗುತ್ತಾನೆ. ಭಾಷಾ ವೈವಿಧ್ಯದ ಹೆಸರಿನಲ್ಲಿ ನಡೆಯುವ ಕಾಲೇಜು ಉತ್ಸವಗಳಲ್ಲಿ ಒಂದು ಉರ್ದು ಗಜಲು, ಒಂದು ಲಂಬಾಣಿ ಕುಣಿತ, ಒಂದು ವಚನಗಾಯನ ಎಂದು ಸರದಿಯಲ್ಲಿ ವೇದಿಕೆಗೆ ಬರುವುದೂ ಇದೇ ಬಗೆಯದು.

ರಿವಾಯತ್ ಪದಗಳು

ಶಾಸನಗಳು ಅರಸರ, ಯತಿಗಳ, ವೀರರ ಲೋಕಕ್ಕೆ ಸೇರಿದವು. ಊರಿನ ಜನ ತಾವೇ ಕಟ್ಟಿಕೊಂಡ ಸಹರಚನೆಗೆ ಈ ಪ್ರದೇಶದ ಮೊಹರಂ ಹಾಡುಗಳಿಗಿಂತ ಉತ್ತಮ ನಿದರ್ಶನ ದೊರೆಯಲಾರದು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಊರೂರುಗಳಲ್ಲಿ ಅಲಾವಿ ಕುಣಿಯ ಸುತ್ತ ಹೆಜ್ಜೆಮೇಳದವರು ಹಾಡುವ ರಿವಾಯತ್ ಪದಗಳ ವಸ್ತು ಕರ್ಬಲಾದ ದುರಂತ, ಭಾಷೆ ಕನ್ನಡ. ಅವುಗಳನ್ನು ಕಟ್ಟಿದವರಲ್ಲಿ, ಹಾಡುವವರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಇದ್ದಾರೆ. ಮುಸ್ಲಿಂ ಮನೆಗಳೇ ಇಲ್ಲದ ಅಥವಾ ಒಂದೆರಡೇ ಇರುವ ಊರುಗಳಲ್ಲಿಯೂ ಅಲಾಯಿ ದೇವರನ್ನು ಕೂಡಿಸುವುದು ಈ ಸೀಮೆಯಲ್ಲಿ ಅಪರೂಪವಲ್ಲ. ರಹಮತ್ ತರೀಕೆರೆಯವರು ಕರ್ನಾಟಕದ ಮೊಹರಂ ಆಚರಣೆಯನ್ನು ಕುರಿತು ನಡೆಸಿದ ವಿಸ್ತೃತ ಅಧ್ಯಯನದಿಂದ ಈ ಹಾಡುಗಳು ವಿದ್ವಾಂಸರ ಗಮನಕ್ಕೆ ಬಂದಿವೆ. ಆದರೆ ಭಾಷಾಬೋಧನೆಯ ದೃಷ್ಟಿಯಿಂದ ಅವನ್ನು ಯಾರೂ ಅಷ್ಟಾಗಿ ನೋಡಿದಂತಿಲ್ಲ.

ಈ ಹಾಡುಗಳಲ್ಲಿ ಅರಬ್ಬಿ, ಪಾರಸಿ ಮೂಲದ ಶಬ್ದಗಳು ಕನ್ನಡದ ವಿಭಕ್ತಿಪ್ರತ್ಯಯಗಳನ್ನು ಹೊತ್ತು, ಕನ್ನಡದ ಲಯಕ್ಕೆ ತಕ್ಕಂತೆ ಉದ್ದವಾಗಿ ಇಲ್ಲವೆ ಮೊಟಕಾಗಿ ಬರುತ್ತವೆ. ಹಸನ್ ಹುಸೇನರು ಊರಿನ ಮಕ್ಕಳಂತೆ ತಾಯಿಯಿಂದ ಬೀಳ್ಕೊಳ್ಳುತ್ತಾರೆ. ಕರ್ಬಲಾದ ಕಥೆಯನ್ನು ಬಲ್ಲವರು ಒಬ್ಬರು, ಕನ್ನಡದ ಪದ ಕಟ್ಟುವ ಗತ್ತು ಬಲ್ಲವರು ಇನ್ನೊಬ್ಬರು, ಮೇಳದ ಹೆಜ್ಜೆಗೆ ಸಾಲು ಹೊಂದುತ್ತದೆಯೇ ಎಂದು ಹೇಳಬಲ್ಲವರು ಮತ್ತೊಬ್ಬರು. ಇವರಲ್ಲಿ ಯಾರೊಬ್ಬರೂ ಒಂಟಿಯಾಗಿ ಪದವನ್ನು ಪೂರ್ಣಗೊಳಿಸಲಾರರು. ಕಪ್ಪೆ ಅರಭಟ್ಟನ ಶಾಸನದಲ್ಲಿ ಭಾಷೆಗಳು ತಮ್ಮ ತಮ್ಮ ಗಡಿಯನ್ನು ಉಳಿಸಿಕೊಂಡು ಕೆಲಸ ಹಂಚಿಕೊಂಡಿದ್ದರೆ, ಇಲ್ಲಿ ಗಡಿಯೇ ಕರಗಿ ಕನ್ನಡ ಹಿಗ್ಗಿದೆ. ಇದರಿಂದ ಕನ್ನಡ ಕೆಟ್ಟಿತೆಂದು ಹಾಡಿದವರು ಭಾವಿಸಿಲ್ಲ, ಕೇಳಿದವರೂ ಭಾವಿಸಿಲ್ಲ.

ಭಾಷೆಗಳ ಬೆರಕೆಯೆಲ್ಲವೂ ಇದೇ ಗೌರವದಿಂದ ನಡೆಯುತ್ತದೆಂದು ತಿಳಿಯಬಾರದು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ವೃತ್ತಿನಾಟಕ ಕಂಪನಿಗಳ ಹಾಸ್ಯ ದೃಶ್ಯಗಳಲ್ಲಿ ಕನ್ನಡ ಮತ್ತು ಹಿಂದೂಸ್ತಾನಿ ಮಿಶ್ರಿತ ಮಾತು ನಗೆಯ ಸಾಧನವಾಗುವುದುಂಟು. ಅಲ್ಲಿ ಎರಡು ಭಾಷೆಗಳನ್ನು ಬಲ್ಲ ಪಾತ್ರ ಜಾಣನಾಗಿರುವುದಕ್ಕಿಂತ ಯಾವುದನ್ನೂ ನೆಟ್ಟಗೆ ಆಡಲಾರದವನಾಗಿರುವ ಸಂದರ್ಭಗಳೇ ಹೆಚ್ಚು. ತರಗತಿಯಲ್ಲಿ ಬಹುಭಾಷಿಕ ನಾಟಕವೊಂದನ್ನು ಬರೆಯಿರೆಂದು ವಿದ್ಯಾರ್ಥಿಗಳಿಗೆ ಹೇಳಿದರೆ ಅವರ ಕೈಗೆ ಮೊದಲು ಸಿಗುವ ಮಾದರಿ ಇದೇ. ದಖನಿ ಆಡುವ ಸಹಪಾಠಿಗೆ ತನ್ನ ಮಾತಿನಿಂದ ಗೆಳೆಯರನ್ನು ನಗಿಸುವ ಪಾತ್ರವೇ ಮತ್ತೆ ಮತ್ತೆ ದೊರೆಯುತ್ತದೆ. ಅವನು ಅದನ್ನು ನಗುನಗುತ್ತ ಒಪ್ಪಿಕೊಳ್ಳಲೂಬಹುದು. ಆದ್ದರಿಂದ ನಾಟಕದಿಂದ ಆರಂಭಿಸುವುದು ಸುಲಭವೆಂದು ತೋರಿದರೂ ಅದು ಯುಕ್ತವಲ್ಲ.

ಒಂದು ಸೀರೆಯ ಪುಸ್ತಕ

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಈ ಪರಿಸರದ ಮಟ್ಟಿಗೆ ಇಳಕಲ್ಲು ಸೀರೆಗಿಂತ ತಕ್ಕ ವಸ್ತು ಬೇರೊಂದಿಲ್ಲವೆನ್ನಬಹುದು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದು ಆ ಸೀರೆಯ ವೈಶಿಷ್ಟ್ಯ. ನೇಯ್ಗೆಯಲ್ಲಿ ತೊಡಗಿದವರು ದೇವಾಂಗ, ಕುರುಹಿನಶೆಟ್ಟಿ, ಪದ್ಮಶಾಲಿ, ಸ್ವಕುಳಸಾಳಿ ಮೊದಲಾದ ಹಲವು ಸಮುದಾಯದವರು. ಉಡುವವರು, ಮಾರುವವರು ಇನ್ನೂ ಹಲವು ಭಾಷೆಯವರು. ಮಹಾರಾಷ್ಟ್ರದಲ್ಲಿಯೂ ಈ ಸೀರೆಗೆ ಹಿಂದಿನಿಂದ ಬೇಡಿಕೆಯಿದೆ. ಒಂದು ಸೀರೆ ಮಗ್ಗದಿಂದ ಮೈಗೆ ಬರುವವರೆಗೆ ಎಷ್ಟು ಭಾಷೆಗಳ ಬಾಯಲ್ಲಿ ಯಾವ ಯಾವ ಹೆಸರು ಪಡೆಯುತ್ತದೆ ಎಂಬುದನ್ನು ಕನ್ನಡದಲ್ಲಿ ನಿರೂಪಿಸುವ ಒಂದು ಚಿಕ್ಕ ಪುಸ್ತಕವನ್ನು ತರಗತಿ ಒಂದು ಸೆಮಿಸ್ಟರಿನಲ್ಲಿ ಸಿದ್ಧಪಡಿಸಬಹುದು.

ಇಂಥ ಕೆಲಸಕ್ಕೆ ಶಾಸ್ತ್ರೀಯ ಪೂರ್ವನಿದರ್ಶನವೂ ಇದೆ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಮಾಂಡಲಿಕ ವೃತ್ತಿಪದಕೋಶದ ಮೊದಲ ಸಂಪುಟವನ್ನು ಬೇಸಾಯವನ್ನು ಕುರಿತು ೧೯೬೨ರಲ್ಲಿ, ಎರಡನೆಯ ಸಂಪುಟವನ್ನು ಕೈಮಗ್ಗವನ್ನು ಕುರಿತು ೧೯೭೧ರಲ್ಲಿ ಪ್ರಕಟಿಸಿದರು. ಅವು ತಜ್ಞರ ಗ್ರಂಥಗಳು. ತರಗತಿಯ ಪುಸ್ತಕಕ್ಕೆ ಆ ಮಟ್ಟದ ಪೂರ್ಣತೆ ಬೇಕಿಲ್ಲ. ಆದರೆ ಪದವನ್ನು ವೃತ್ತಿಯ ಕೈಯಿಂದಲೇ ಪಡೆಯಬೇಕೆಂಬ ಅದರ ಶಿಸ್ತು ಬೇಕು. ಹಾಸು, ಹೊಕ್ಕು, ಲಾಳಿ, ಕಂಡಿಕೆ, ದಡಿ, ಸೆರಗು ಎಂಬ ಪದಗಳು ನಿಘಂಟಿನಲ್ಲಿ ಸಿಗುತ್ತವೆ. ಗೋಮಿ ದಡಿ, ಗಾಡಿ ದಡಿಗಳನ್ನು ಬಿಡಿಸಿ ಹೇಳಬೇಕಾದರೆ ಮಗ್ಗದ ಮನೆಗೇ ಹೋಗಬೇಕು.

‘ತೋಪುತೆನಿ’ ಎಂಬ ಒಂದೇ ಪದವನ್ನು ತೆಗೆದುಕೊಂಡರೂ ಸಾಕು, ತರಗತಿ ಒಂದು ವಾರ ಕೆಲಸ ಮಾಡಬಹುದು. ಇಳಕಲ್ಲು ಸೀರೆಯ ಪ್ರಸಿದ್ಧ ಸೆರಗಿನ ಹೆಸರಿದು. ‘ತೆನೆ’ ಎಂದರೆ ಜೋಳದ ತೆನೆಯೆಂದು ಬಯಲುಸೀಮೆಯ ವಿದ್ಯಾರ್ಥಿ ಕೂಡಲೇ ಹೇಳುತ್ತಾನೆ. ಕೋಟೆಗೋಡೆಯ ಮೇಲಂಚಿಗೂ ಕನ್ನಡದಲ್ಲಿ ತೆನೆಯೆನ್ನುತ್ತಾರೆಂಬುದನ್ನು ಹಳಗನ್ನಡ ಓದಿದವನು ಸೇರಿಸುತ್ತಾನೆ. ‘ತೋಪು’ ಎಂದರೆ ಕನ್ನಡದಲ್ಲಿ ಮರಗಳ ಗುಂಪು. ದಖನಿ ಬಲ್ಲವನಿಗೆ ಅದೇ ಪದ ಫಿರಂಗಿಯನ್ನು ನೆನಪಿಸುತ್ತದೆ. ಸೆರಗಿನ ಚಿತ್ರ ಹೊಲದ್ದೋ ಕೋಟೆಯದೋ ಎಂಬ ಪ್ರಶ್ನೆ ಹೀಗೆ ಹುಟ್ಟಿಕೊಳ್ಳುತ್ತದೆ. ಇದಮಿತ್ಥಂ ಎಂದು ತೀರ್ಪು ಕೊಡುವುದು ಇಲ್ಲಿ ಮುಖ್ಯವಲ್ಲ. ಪ್ರಶ್ನೆ ಏಳಬೇಕಾದರೆ ಒಂದೇ ಕೋಣೆಯಲ್ಲಿ ಮೂರು ಬಗೆಯ ತಿಳಿವಳಿಕೆ ಇರಬೇಕಾಯಿತು ಎಂಬುದೇ ಮುಖ್ಯ. ನಿಘಂಟುಗಳನ್ನು ತೆರೆಯುವ ಕಾರಣವೂ ವಿದ್ಯಾರ್ಥಿಗೆ ಆಗ ದೊರೆಯುತ್ತದೆ. ನಿಘಂಟು ನೋಡಿರೆಂದು ವರ್ಷವಿಡೀ ಉಪದೇಶಿಸಿದರೂ ಆಗದ ಕೆಲಸವದು.

ಪದಗಳಿಂದ ವಾಕ್ಯಗಳಿಗೆ ಬಂದಾಗ ಇನ್ನೂ ಸೂಕ್ಷ್ಮವಾದ ವ್ಯಾಕರಣ ತರಗತಿಯೊಳಗೆ ಬರುತ್ತದೆ. ಮರಾಠಿ ಮಾತಿನ ಮುದುಕಿಯೊಬ್ಬಳು ತನ್ನ ಮದುವೆಯ ಸೀರೆಯ ಕಥೆಯನ್ನು ಹೇಳಿದಳೆಂದು ಭಾವಿಸಬಹುದು. ಅವಳ ‘ಆಪಣ’ ಮತ್ತು ‘ಆಮ್ಹೀ’ ಎರಡನ್ನೂ ವಿದ್ಯಾರ್ಥಿಗಳು ‘ನಾವು’ ಎಂದು ಕನ್ನಡಿಸುತ್ತಾರೆ. ಮೊದಲನೆಯದರಲ್ಲಿ ಕೇಳುವವರೂ ಸೇರಿದ್ದಾರೆ, ಎರಡನೆಯದರಲ್ಲಿ ಸೇರಿಲ್ಲ ಎಂಬುದು ಮರಾಠಿ ಬಲ್ಲ ಸಹಪಾಠಿ ಹೇಳುವವರೆಗೆ ಯಾರಿಗೂ ಹೊಳೆಯುವುದಿಲ್ಲ. ಇಂದಿನ ಕನ್ನಡದ ಸರ್ವನಾಮದಲ್ಲಿ ಈ ಭೇದವಿಲ್ಲ. ಆದರೆ ಶಿರೂರಿನ ಕಡೆಯವರ ಬಾಯಲ್ಲಿರುವ ‘ಹೋಗೂಣು’ ಎಂಬ ಕ್ರಿಯಾರೂಪದಲ್ಲಿ ಕೇಳುವವನೂ ಸೇರಿಯೇ ಇರುತ್ತಾನಲ್ಲವೆ? ಸರ್ವನಾಮದಲ್ಲಿ ಇಲ್ಲದ್ದನ್ನು ಕ್ರಿಯಾಪದ ತೂಗಿಸುವ ಸಂದರ್ಭ ಕನ್ನಡದಲ್ಲಿಯೂ ಇದೆಯೆಂಬುದನ್ನು ವಿದ್ಯಾರ್ಥಿ ತನ್ನದೇ ಆಡುಮಾತಿನಲ್ಲಿ ಕಂಡುಕೊಳ್ಳುತ್ತಾನೆ. ಆಡುಮಾತಿನ ರೂಪವೊಂದು ‘ಅಶುದ್ಧ’ವೆಂಬ ಪಟ್ಟಿಯಿಂದ ಹೊರಬಂದು ವಿಶ್ಲೇಷಣೆಯ ಸಾಮಗ್ರಿಯಾಗುವುದು ಹೀಗೆ. ಡಿ.ಎನ್. ಶಂಕರಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ೨೦೦೦ದಲ್ಲಿ ವಾದಿಸಿದಾಗ ನಡೆದ ಚರ್ಚೆ ಬಹುಮಟ್ಟಿಗೆ ವಿದ್ವಾಂಸರ ನಡುವೆಯೇ ಉಳಿಯಿತು. ಅದು ತರಗತಿಗೆ ಇಳಿಯಲು ಇಂಥ ಸಂದರ್ಭಗಳು ಬೇಕು.

‘ಮಾಡಾಕ ಹತ್ಯಾರ’ ಎಂಬ ರೂಪವೂ ಹಾಗೆಯೇ. ‘ಹತ್ತು’ ಎಂಬ ಧಾತುವಿಗೆ ಅಂಟು, ತಗಲು ಎಂಬ ಅರ್ಥಗಳಿವೆ. ಮರಾಠಿಯ ‘ಲಾಗಣೇ’, ದಖನಿಯ ‘ಲಗನಾ’ ಧಾತುಗಳಿಗೂ ತಗಲುವ ಅರ್ಥವಿದ್ದು, ಅವೂ ಕೆಲಸದಲ್ಲಿ ತೊಡಗುವುದನ್ನು ಸೂಚಿಸುವ ಸಹಾಯಕ ಕ್ರಿಯೆಗಳಾಗಿ ಬರುತ್ತವೆ. ದಖನಿಯಲ್ಲಿ ಇನ್ನೊಬ್ಬರ ಮಾತನ್ನು 'ಬೋಲ್ಕೆ’ ಎಂದು ಮುಗಿಸುವ ಕ್ರಮಕ್ಕೂ ಕನ್ನಡದ ‘ಅಂತ’ ಎನ್ನುವುದಕ್ಕೂ ಇರುವ ಹೋಲಿಕೆ ಇನ್ನೂ ಸ್ಪಷ್ಟ. ಉತ್ತರದ ಉರ್ದುವಿನಲ್ಲಿ ‘ಕಿ’ ಎಂಬ ಪದ ಮಾತಿನ ಮುಂದೆ ಬಂದರೆ, ದಖನಿಯಲ್ಲಿ ಕನ್ನಡದಂತೆ ಮಾತು ಮೊದಲು, ‘ಬೋಲ್ಕೆ’ ಆಮೇಲೆ.

ಇಂಥ ಸಾಮ್ಯಗಳು ಆಕಸ್ಮಿಕವಲ್ಲವೆಂಬುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರು ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ನಡೆಸಿ ೧೯೭೧ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. ಆ ಹಳ್ಳಿಯ ಕನ್ನಡ, ಮರಾಠಿ, ಉರ್ದುಗಳು ತಂತಮ್ಮ ಶಬ್ದಭಂಡಾರವನ್ನು ಉಳಿಸಿಕೊಂಡೇ ವಾಕ್ಯರಚನೆಯಲ್ಲಿ ಪರಸ್ಪರ ಎಷ್ಟು ಸಮೀಪಕ್ಕೆ ಬಂದಿದ್ದವೆಂದರೆ, ಒಂದರ ವಾಕ್ಯವನ್ನು ಇನ್ನೊಂದಕ್ಕೆ ಘಟಕಕ್ಕೆ ಘಟಕದಂತೆ ಬದಲಿಸಬಹುದಾಗಿತ್ತು. ಕುಪವಾಡದ ತೀರ್ಮಾನಗಳನ್ನು ಶಿರೂರಿಗೆ ಹಾಗೆಯೇ ಅನ್ವಯಿಸುವುದು ಸಾಧುವಲ್ಲ. ಗಡಿಯ ಆ ಹಳ್ಳಿಯ ಭಾಷಿಕ ಸನ್ನಿವೇಶ ಬೇರೆ. ಆದರೆ ಆ ಬಗೆಯ ಪ್ರಶ್ನೆಯನ್ನು ಪದವಿ ವಿದ್ಯಾರ್ಥಿಗಳು ತಮ್ಮೂರಿನಲ್ಲಿಯೇ ಕೇಳಿಕೊಳ್ಳಬಲ್ಲರು.

ಕನ್ನಡದ ಆತಂಕ

ಕನ್ನಡ ತರಗತಿಯೊಳಗೆ ಮರಾಠಿ, ಉರ್ದುಗಳಿಗೆ ಜಾಗ ಕೊಡುವ ಮಾತು ಈ ಸೀಮೆಯಲ್ಲಿ ಸುಲಭವಾಗಿ ಒಪ್ಪಿತವಾಗುವಂಥದಲ್ಲ. ಅದಕ್ಕೆ ಇತಿಹಾಸವಿದೆ. ಮುಂಬಯಿ ಆಧಿಪತ್ಯದ ಕಾಲದಲ್ಲಿ ಇಲ್ಲಿ ಕನ್ನಡ ಶಾಲೆಗಳಿಗಾಗಿಯೇ ಹೋರಾಡಬೇಕಾಯಿತು. ಡೆಪ್ಯುಟಿ ಚನ್ನಬಸಪ್ಪನವರು ಹತ್ತೊಂಬತ್ತನೆಯ ಶತಮಾನದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದರು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾದದ್ದೂ ಈ ಹಿನ್ನೆಲೆಯಲ್ಲಿಯೇ. ಗೋಕಾಕ ವರದಿಯ ಜಾರಿಗಾಗಿ ೧೯೮೨ರಲ್ಲಿ ನಡೆದ ಚಳವಳಿಯ ನೆನಪು ಇನ್ನೂ ಮಾಸಿಲ್ಲ. ವಾರಕ್ಕೆ ಕೆಲವೇ ಗಂಟೆಗಳಿರುವ ಕನ್ನಡದ ಪಾಲನ್ನೂ ಹಂಚಿಕೊಟ್ಟರೆ ಉಳಿಯುವುದೇನು ಎಂದು ಅಧ್ಯಾಪಕರು ಕೇಳಿದರೆ ಆ ಪ್ರಶ್ನೆಯನ್ನು ಸಂಕುಚಿತವೆಂದು ತಳ್ಳಿಹಾಕುವಂತಿಲ್ಲ.

ಆದರೆ ಮೇಲೆ ವಿವರಿಸಿದ ಪುಸ್ತಕದ ಭಾಷೆ ಕನ್ನಡ ಎಂಬುದನ್ನು ಮರೆಯಬಾರದು. ಇತರ ಭಾಷೆಗಳು ಅದರೊಳಗೆ ಬರುವುದು ಸಾಮಗ್ರಿಯಾಗಿ, ಸಾಕ್ಷಿಯಾಗಿ, ಕೆಲವೊಮ್ಮೆ ಉಲ್ಲೇಖವಾಗಿ. ಬರೆಯುವ, ತಿದ್ದುವ, ವಾದಿಸುವ ಕೆಲಸವೆಲ್ಲ ಕನ್ನಡದಲ್ಲಿಯೇ ನಡೆಯುತ್ತದೆ. ಲಂಬಾಣಿ ವಿದ್ಯಾರ್ಥಿನಿ ತನ್ನ ಅಜ್ಜಿಯ ಮಾತನ್ನು ಕನ್ನಡಕ್ಕೆ ತರಲು ಪಡುವ ಶ್ರಮ ಕನ್ನಡದ ಶ್ರಮವೇ. ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ಬರೆಯುವ ವಿದ್ಯಾರ್ಥಿಗಿಂತ ಅವಳು ಕನ್ನಡದ ವಾಕ್ಯದೊಡನೆ ಹೆಚ್ಚು ಹೊತ್ತು ಗುದ್ದಾಡಿರುತ್ತಾಳೆ. ಕನ್ನಡ ಬಲ್ಲವರಿಗೆ ಒಂದು ಪತ್ರಿಕೆ, ಬಾರದವರಿಗೆ ಇನ್ನೊಂದು ಎಂದು ವಿಂಗಡಿಸುವ ಕ್ರಮ ವೃತ್ತಿಶಿಕ್ಷಣದಲ್ಲಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಸಾಂಸ್ಕೃತಿಕ ಕನ್ನಡ’ ಮತ್ತು ‘ಬಳಕೆ ಕನ್ನಡ’ಗಳು ಇದಕ್ಕೆ ಉದಾಹರಣೆ. ಕಲಿಕೆಯ ಆರಂಭದ ಹಂತದಲ್ಲಿ ಇದು ಅನಿವಾರ್ಯವಿರಬಹುದು. ಆದರೆ ಹೀಗೆ ಬೇರ್ಪಡಿಸಿದಾಗ ಕನ್ನಡ ಬಲ್ಲವನಿಗೆ ತನ್ನ ಭಾಷೆಯನ್ನು ಹೊರಗಿನವರ ಪ್ರಶ್ನೆಗಳ ಮೂಲಕ ನೋಡುವ ಅವಕಾಶವೇ ತಪ್ಪುತ್ತದೆ. ಆ ನಷ್ಟ ಕನ್ನಡಿಗ ವಿದ್ಯಾರ್ಥಿಯದು.

ಈ ಸಂದರ್ಭದಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬೆಂಗಳೂರಿನ ಬಸವ ಸಮಿತಿ ಕೈಗೊಂಡ ವಚನಗಳ ಬಹುಭಾಷಾ ಅನುವಾದ ಯೋಜನೆ ನೆನಪಾಗುತ್ತದೆ. ಸುಮಾರು ೨೫೦೦ ವಚನಗಳು ಅದರ ಮೂಲಕ ಹಲವು ಭಾರತೀಯ ಭಾಷೆಗಳಿಗೆ ಹೋದವು. ಕೂಡಲಸಂಗಮವಿರುವ ಈ ಸೀಮೆಯ ಕಾಲೇಜುಗಳಲ್ಲಿ ಆ ಸಂಪುಟಗಳನ್ನು ಗ್ರಂಥಾಲಯದ ಕಪಾಟಿನಿಂದ ತರಗತಿಗೆ ತಂದು, ವಚನವೊಂದರ ಮರಾಠಿ, ಉರ್ದು, ತೆಲುಗು ರೂಪಗಳನ್ನು ಆಯಾ ಮನೆಮಾತಿನ ವಿದ್ಯಾರ್ಥಿಗಳಿಂದ ಪರೀಕ್ಷೆ ಮಾಡಿಸಬಹುದು. ಅನುವಾದದಲ್ಲಿ ಏನು ಜಾರಿಹೋಗಿದೆ ಎಂಬ ಅವರ ಆಕ್ಷೇಪಣೆಯನ್ನು ಉತ್ತರಿಸಬೇಕಾದರೆ ಕನ್ನಡ ಮನೆಮಾತಿನವರು ಮೂಲವಚನವನ್ನು ಮತ್ತೊಮ್ಮೆ, ಹಿಂದೆಂದೂ ಓದದಷ್ಟು ಎಚ್ಚರದಿಂದ ಓದಬೇಕಾಗುತ್ತದೆ.

ಅಂಕಗಳ ಪ್ರಶ್ನೆ

ಇಷ್ಟಾದರೂ ಯೋಜನೆಯ ಭವಿಷ್ಯ ನಿರ್ಧಾರವಾಗುವುದು ಅಂಕಗಳಲ್ಲಿ. ೨೦೨೧-೨೨ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ ೨೦೨೪-೨೫ರಿಂದ ಮತ್ತೆ ಮೂರು ವರ್ಷಗಳಿಗೆ ಮರಳಿತು. ಪಠ್ಯಕ್ರಮಗಳು ಹೀಗೆ ಬದಲಾದರೂ ಗುಂಪು ಕೆಲಸವನ್ನು ಮೌಲ್ಯಮಾಪನ ಮಾಡುವ ಬಗೆಯನ್ನು ಯಾರೂ ಗಂಭೀರವಾಗಿ ಚರ್ಚಿಸಲಿಲ್ಲ. ಸಾಮಾನ್ಯವಾಗಿ ಆಂತರಿಕ ಮೌಲ್ಯಮಾಪನದಲ್ಲಿ ಕೊನೆಗೆ ಕೈಸೇರಿದ ಪುಸ್ತಕವನ್ನು ನೋಡಿ ಇಡೀ ಗುಂಪಿಗೆ ಒಂದೇ ಅಂಕವನ್ನು ಕೊಡಲಾಗುತ್ತದೆ. ಆಗ ಗ್ರಂಥಸ್ಥ ಕನ್ನಡವನ್ನು ಚೆನ್ನಾಗಿ ಬರೆಯಬಲ್ಲ ಒಬ್ಬಿಬ್ಬರು ಎಲ್ಲವನ್ನೂ ಬರೆದುಬಿಡುತ್ತಾರೆ. ಉಳಿದವರು ಮಾಹಿತಿಯನ್ನು ತಂದುಕೊಟ್ಟವರಾಗಿ ಉಳಿಯುತ್ತಾರೆ. ಮಂಗಲೇಶನ ಗುಹೆಯ ಹಂಚಿಕೆಯೇ ಮರುಕಳಿಸಿದಂತಾಗುತ್ತದೆ.

ಇದನ್ನು ತಪ್ಪಿಸಲು ಅಂಕಗಳನ್ನು ಕೊನೆಯ ಪ್ರತಿಗೆ ಕಡಿಮೆ, ಕರಡುಗಳಿಗೆ ಹೆಚ್ಚು ಎಂದು ನಿಗದಿಗೊಳಿಸುವುದು ಯುಕ್ತ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಮಾತಿನದಲ್ಲದ ಒಂದು ಭಾಗದ ಹೊಣೆಯನ್ನು ಹೊರಬೇಕು: ದಖನಿಯ ಸಂದರ್ಶನವನ್ನು ಕನ್ನಡಿಸುವವನು ಕನ್ನಡ ಮನೆಮಾತಿನವನಾಗಿರಲಿ, ಅದನ್ನು ತಿದ್ದುವವನು ದಖನಿಯವನಾಗಿರಲಿ. ತಿದ್ದಿದವನು ಏಕೆ ತಿದ್ದಿದೆನೆಂಬುದನ್ನು ಅಂಚಿನಲ್ಲಿ ಕನ್ನಡದಲ್ಲಿ ಬರೆಯಬೇಕು. ಆ ಅಂಚಿನ ಟಿಪ್ಪಣಿಗಳೇ ಅಧ್ಯಾಪಕರು ಓದಬೇಕಾದ ನಿಜವಾದ ಉತ್ತರಪತ್ರಿಕೆ. ಇದರಿಂದ ಅಧ್ಯಾಪಕರ ಕೆಲಸ ಹೆಚ್ಚುತ್ತದೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಅರವತ್ತು ಎಪ್ಪತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಇದು ಸಾಧ್ಯವಾಗದು. ತರಗತಿಯನ್ನು ತಂಡಗಳಾಗಿ ಒಡೆದು, ಒಂದೊಂದು ತಂಡಕ್ಕೆ ಸೀರೆಯ ಒಂದೊಂದು ಘಟ್ಟವನ್ನು ವಹಿಸಿದರೆ ಮಾತ್ರ ನಿಭಾಯಿಸಬಹುದು. ಅಧ್ಯಾಪಕರಿಗೆ ಎಲ್ಲ ಭಾಷೆಗಳೂ ತಿಳಿದಿರಬೇಕೆಂಬ ನಿಬಂಧನೆಯಿಲ್ಲ. ತಮಗೆ ತಿಳಿಯದ ಭಾಷೆಯ ವಿಷಯದಲ್ಲಿ ವಿದ್ಯಾರ್ಥಿಯ ಮಾತನ್ನು ಪ್ರಮಾಣವೆಂದು ಸ್ವೀಕರಿಸುವುದು ಕೆಲವರಿಗೆ ಕಷ್ಟವೆನಿಸಬಹುದು, ಅಷ್ಟೆ.

ಕರ್ತೃತ್ವದ ಪ್ರಶ್ನೆಯೊಂದು ಇನ್ನೂ ಉಳಿಯುತ್ತದೆ. ಪುಸ್ತಕದ ಮುಖಪುಟದಲ್ಲಿ ಯಾರ ಹೆಸರಿರಬೇಕು? ಕಾಲೇಜಿನ ಪ್ರಕಟಣೆಗಳಲ್ಲಿ ಪ್ರಾಚಾರ್ಯರ, ವಿಭಾಗದ ಮುಖ್ಯಸ್ಥರ ಹೆಸರುಗಳು ಮೊದಲು ಬರುವುದು, ಮಾತು ಕೊಟ್ಟ ನೇಕಾರರು ಕೊನೆಯ ಪುಟದ ಕೃತಜ್ಞತೆಗಳಲ್ಲಿ ಒಟ್ಟಾಗಿ ಸೇರಿಹೋಗುವುದು ನಡೆದುಬಂದ ಪದ್ಧತಿ. ಈ ಸೀಮೆಯ ರಿವಾಯತ್, ಲಾವಣಿ, ಗೀಗೀ ಪದಗಳ ಕಟ್ಟುವಿಕೆಯಲ್ಲಿ ಬೇರೊಂದು ಕ್ರಮವಿದೆ. ಅಲ್ಲಿ ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಪದ ಕಟ್ಟಿದವನ ಹೆಸರುಗಳು ಹಾಡಿನ ಭಾಗವಾಗಿಯೇ ಬರುತ್ತವೆ. ಹಾಡುವವರು ಬೇರೆ ಊರಿನವರಾದರೂ ಅವುಗಳನ್ನು ಬಿಟ್ಟು ಹಾಡುವಂತಿಲ್ಲ. ವಿದ್ಯಾರ್ಥಿಗಳ ಪುಸ್ತಕದ ಪ್ರತಿಯೊಂದು ಅಧ್ಯಾಯದ ಕೊನೆಯಲ್ಲಿಯೂ ಮಾತು ಕೊಟ್ಟವರು ಒಪ್ಪಿದರೆ ಅವರ ಹೆಸರು, ಅವರ ಊರು, ಅವರು ಮಾತನಾಡಿದ ಭಾಷೆ, ಕನ್ನಡಿಸಿದವರು, ತಿದ್ದಿದವರು ಇವರೆಲ್ಲರನ್ನೂ ಇದೇ ರೀತಿಯಲ್ಲಿ ಪಠ್ಯದೊಳಗೇ ನಮೂದಿಸಬಹುದು. ಸಿದ್ಧವಾದ ಪ್ರತಿಗಳಲ್ಲಿ ಒಂದು ಕಾಲೇಜಿನ ಗ್ರಂಥಾಲಯಕ್ಕೆ, ಇನ್ನೊಂದು ಮಗ್ಗದ ಮನೆಗೆ ಹೋಗಬೇಕು. ಮಗ್ಗದ ಮನೆಯಲ್ಲಿ ಅದನ್ನು ಓದಿದವರು ತಪ್ಪುಗಳನ್ನು ಗುರುತಿಸಿ ಹೇಳಿದರೆ ಮುಂದಿನ ವರ್ಷದ ತರಗತಿಗೆ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.